ಕಂಡಕ್ಟರನ ಹೆಂಡತಿಯ ಟಿಕೇಟು

ಕಾರಿನೊಳಗೆ ಪುದೀನದ ವಾಸನೆ ತುಂಬಿದೆ. ಅಲ್ ಮವಾಲೇಹ್‌ನ ತರಕಾರಿ ಮಾರ್ಕೆಟ್ಟಿನಿಂದ ಈಗಷ್ಟೇ ತಂದ ಎರಡು ಕಟ್ಟು ಪುದೀನ ನನ್ನ ಪಕ್ಕದ ಸೀಟಿನಲ್ಲಿ ಆರಾಮವಾಗಿ ಕೂತಿದೆ. ಅಲ್ಲಿ ಕೂರಬೇಕಾದವಳು ನನ್ನ ಅಮ್ಮ. ಅವಳು ಮಾತ್ರ ಎದುರಿಗೆ ಕಾಣುವ ಬಸ್‌ಸ್ಟಾಪಿನ ನೆರಳಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಒಮಾನಿನಲ್ಲಿ ನಾವಿರುವ ಊರು ಸೀಬಿಗೆ ಹೋಗುವ ಬಸ್ಸು ಕಾಯುತ್ತಿದ್ದಾಳೆ. ನಾವಿಬ್ಬರೂ ಹೋಗಬೇಕಾದದ್ದು ಒಂದೇ ಮನೆಗೆ. ಕಾರಿನಲ್ಲಿ ಏಸಿ ಇದೆ, ಜಾಗ ಇದೆ, ಓಡಿಸಲು ನಾನಿದ್ದೇನೆ. ಆದರೂ ಅವಳು ಬಸ್ಸಿಗೇ ಬರುವವಳು. ಎಪ್ಪತ್ತೆರಡು ವರ್ಷದ ತಾಯಿಯನ್ನು ಹೊರಗೆ ಕೂರಿಸಿ ತಾನು ತಣ್ಣಗೆ ಕಾರಿನಲ್ಲಿ ಕೂತ ಮಗಳನ್ನು ದಾರಿಹೋಕರು ದುರುಗುಟ್ಟಿ ನೋಡಿದರೆ ಅವರ ತಪ್ಪೇನೂ ಇಲ್ಲ.

ಯಾಕೆ ಹೀಗೆ ಎಂದು ಹೇಳಬೇಕಾದರೆ ಬ್ರಸೆಲ್ಸಿನ ಟ್ರಾಮಿನ ವಿಷಯ ಹೇಳಬೇಕು. ಟ್ರಾಮಿನ ವಿಷಯ ಹೇಳಬೇಕಾದರೆ ಅದಕ್ಕೂ ಮೊದಲು ನಮ್ಮೂರು ಮುಲ್ಕಿಯ ಬಸ್ಸಿನ ವಿಷಯ. ಸೀಬಿನ ಬಸ್ಸು ಬರಲು ಇನ್ನೂ ಹೊತ್ತಿದೆ. ಬನ್ನಿ, ಹಿಂದಿನ ಸೀಟಿನಲ್ಲಿ ಕೂತುಕೊಳ್ಳಿ. ಪುದೀನವನ್ನು ಎಬ್ಬಿಸುವುದು ಬೇಡ.

ನನ್ನ ಅಪ್ಪ ಮಂಗಳೂರು ಉಡುಪಿ ಲೈನಿನ ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು. ನಮ್ಮ ಕಡೆ ಕಂಡಕ್ಟರ್ ಎಂದರೆ ಸಾಮಾನ್ಯ ಜನವಲ್ಲ. ಬಸ್ಸು ಹೊರಡಬೇಕಾದರೆ ಅವರು ಬಾಗಿಲಲ್ಲಿ ನೇತಾಡಿಕೊಂಡು “ರೈಟ್ ಪೋಯಿ” ಎನ್ನಬೇಕು. ಪೋಯಿ ಎಂದರೆ ತುಳುವಿನಲ್ಲಿ ಹೋಗುವ ಎಂದು. ಇಳಿಯುವವರು “ಜಪ್ಪೆರೆ ಉಂಡು”, ಅಂದರೆ ಇಳಿಯಲಿಕ್ಕೆ ಉಂಟು, ಎಂದು ಕೂಗಬೇಕು. ಆಗ ಅಪ್ಪ ವಿಷಲ್ ಊದಬೇಕು, ಊದಿದ ಮೇಲೆ ಬಸ್ಸು ನಿಲ್ಲಬೇಕು. ಜಗತ್ತು ನಡೆಯುವುದೇ ಈ ಕ್ರಮದಲ್ಲಿ ಎಂದು ನಮ್ಮ ಮನೆಯವರೆಲ್ಲ ನಂಬಿದ್ದೆವು.

ಕಂಡಕ್ಟರನ ಹೆಂಡತಿಗೆ ಆ ಲೈನಿನ ಯಾವ ಬಸ್ಸಿನಲ್ಲೂ ಟಿಕೇಟಿಲ್ಲ. ಅಮ್ಮ ಹತ್ತಿದರೆ ಮುಂದಿನ ಸೀಟಿನಲ್ಲಿ ಯಾರೇ ಇರಲಿ, ಅವರನ್ನು ಎಬ್ಬಿಸಿ ಅವಳನ್ನು ಕೂರಿಸುತ್ತಿದ್ದರು. ನೆರೆಮನೆಯ ಹೆಂಗಸರು ಇದನ್ನು ದೊಡ್ಡ ಭಾಗ್ಯ ಎಂದುಕೊಂಡಿದ್ದರು. ನಾನೂ ಹಾಗೆಯೇ ತಿಳಿದಿದ್ದೆ, ಅವಳ ಮಡಿಲಲ್ಲಿ ಕೂತು ಊರಿಗೆಲ್ಲ ಕೈಬೀಸುತ್ತಿದ್ದೆ. ಆದರೆ ಅಮ್ಮ ಹಳೆಯಂಗಡಿಯಲ್ಲಿ ಇಳಿದು, ಶಾಲೆಯ ಕಾಲದ ಗೆಳತಿಯ ಮನೆಗೆ ಹೋಗಿ, ಒಂದು ಗ್ಲಾಸು ಚಾ ಕುಡಿದು ಮುಗಿಸುವಷ್ಟರಲ್ಲಿ ಸುದ್ದಿ ಅಪ್ಪನಿಗೆ ಮುಟ್ಟಿರುತ್ತಿತ್ತು. ಎದುರಿನಿಂದ ಬರುವ ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ “ಅಕ್ಕ ಹಳೆಯಂಗಡಿಯಲ್ಲಿ ಇಳಿದ್ರು” ಎಂದು ಒದರಿ ಹೋಗುತ್ತಿದ್ದ. ಅಪ್ಪ ಕೆಟ್ಟವರಲ್ಲ. ಊಟಕ್ಕೆ ಕೂತಾಗ “ಹಳೆಯಂಗಡಿಯಲ್ಲಿ ಎಂತ ಕೆಲಸ ಇತ್ತು?” ಎಂದು ಕೇಳುತ್ತಿದ್ದರು, ಅಷ್ಟೆ. ಬೈಗುಳ ಇಲ್ಲ, ಜಗಳ ಇಲ್ಲ. ಅಮ್ಮ ಮೀನಿನ ಮುಳ್ಳು ಬಿಡಿಸುತ್ತಾ ಏನೋ ಒಂದು ಉತ್ತರ ಕೊಡುತ್ತಿದ್ದಳು. ಕ್ರಮೇಣ ಹಳೆಯಂಗಡಿಗೆ ಹೋಗುವುದನ್ನೇ ಬಿಟ್ಟಳು.

ಅಪ್ಪ ತೀರಿಕೊಂಡ ಮೇಲೆ ಅವಳನ್ನು ನಾನು ಇಲ್ಲಿಗೆ, ಸೀಬಿಗೆ, ಕರೆದುಕೊಂಡು ಬಂದೆ. ಮಗಳು ಎಂದರೆ ಹೀಗಿರಬೇಕು ಎಂದು ನೆಂಟರೆಲ್ಲ ಹೊಗಳಿದರು. ಅಮ್ಮ ಬಂದ ಎಂಟನೆಯ ದಿನ ಬಾಲ್ಕನಿಯಲ್ಲಿ ನಿಂತು ಹೈವೇ ನೋಡುತ್ತಾ, “ಇಲ್ಲಿ ಕಾರಿಲ್ಲದವರಿಗೆ ಕಾಲು ಯಾಕೆ?” ಎಂದಳು. ತಮಾಷೆ ಎಂದುಕೊಂಡು ನಾನು ನಕ್ಕೆ. ಆದರೆ ನಿಜ ಹೇಳಬೇಕಾದರೆ ಆ ಮಾತು ನನಗೂ ಅನ್ವಯಿಸುತ್ತಿತ್ತು. ನಾನು ಅಲ್ ಖುವೈರಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಹದಿನೆಂಟು ವರ್ಷದಿಂದ ಕೆಲಸ ಮಾಡುವವಳು. ಜನರನ್ನು ಜಗತ್ತಿನ ಮೂಲೆಮೂಲೆಗೆ ಕಳಿಸುತ್ತೇನೆ. ಸಂಜೆಯಾದರೆ ಮಾತ್ರ, ಶಾಲೆ ಬಿಟ್ಟ ಮಗುವಿನ ಹಾಗೆ, ಗಂಡನ ಕಾರು ಬರುವವರೆಗೆ ಗೇಟಿನಲ್ಲಿ ನಿಂತಿರುತ್ತಿದ್ದೆ.

ಡ್ರೈವಿಂಗ್ ಕಲಿಯಲಿಲ್ಲವೇ ಎಂದು ಕೇಳುತ್ತೀರಿ. ಕಲಿತೆ. ಈ ದೇಶದಲ್ಲಿ ಲೈಸೆನ್ಸ್ ಬೇಕಾದರೆ ಮೊದಲು ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಿ ತೋರಿಸಬೇಕು. ಡ್ರಮ್ಮಿಗೆ ತಾಗಿದರೆ ಪೊಲೀಸರು “ಖಲಾಸ್” ಎನ್ನುತ್ತಾರೆ, ಮುಗಿಯಿತು ಎಂದು. ಮೂರು ಸಲ ನನ್ನದು ಖಲಾಸ್ ಆಯಿತು. ಮೂರನೆಯ ಸಲ ಡ್ರಮ್ಮು ಉರುಳಿ ಇನ್ನೊಬ್ಬರ ಪರೀಕ್ಷೆಯ ಜಾಗಕ್ಕೂ ಹೋಯಿತು. ಕಲಿಸುತ್ತಿದ್ದ ಒಮಾನಿ ಅಜ್ಜ ಒಳ್ಳೆಯವರು, “ಸಿಸ್ಟರ್, ಶ್ವೇ ಶ್ವೇ”, ನಿಧಾನ ನಿಧಾನ ಎನ್ನುತ್ತಿದ್ದವರು. ಅವರೇ ಆ ದಿನ ಆಕಾಶ ನೋಡಿದರು. ಅಲ್ಲಿಗೆ ನಾನು ಆ ಕಡೆ ತಲೆ ಹಾಕುವುದನ್ನು ಬಿಟ್ಟೆ.

ಯುರೋಪಿನ ಪ್ರವಾಸ ಮೂರು ವರ್ಷದ ಹಿಂದಿನ ಮಾತು. ಹೋಗಬೇಕಿದ್ದದ್ದು ನಾನು ಮತ್ತು ನನ್ನ ಗಂಡ. ಕೊನೆಯ ಗಳಿಗೆಯಲ್ಲಿ ಅವರ ಕಂಪೆನಿಯಲ್ಲಿ ರಜೆ ಸಿಗಲಿಲ್ಲ. ಎಲ್ಲ ಕ್ಯಾನ್ಸಲ್ ಮಾಡುವ ಎಂದು ನಾನು ಮುಖ ಊದಿಸಿಕೊಂಡು ಕೂತಿದ್ದಾಗ ಅಮ್ಮ ಕೊತ್ತಂಬರಿ ಸೊಪ್ಪು ಸೋಸುತ್ತಾ ಕೇಳಿದಳು: “ಅಳಿಯನಿಗೆ ರಜೆ ಇಲ್ಲದಿದ್ರೆ ಎಂತಾಯ್ತು? ನನಗೆ ಉಂಟಲ್ಲ.”

“ಅಮ್ಮ, ಅಲ್ಲಿ ಚಳಿ. ತುಂಬಾ ನಡಿಲಿಕ್ಕೆ ಉಂಟು.”

“ನಡಿಲಿಕ್ಕೆ ಇರುವ ಊರೇ ಬೇಕು ನನಗೆ.”

ಮುಂಬೈಯಿಂದ ಅಣ್ಣ ಫೋನ್ ಮಾಡಿ ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂದ. ಅಮ್ಮ “ವಯಸ್ಸು ನನ್ನದು, ನೀನು ಯಾಕೆ ಹೊತ್ತುಕೊಳ್ತಿ?” ಎಂದು ಫೋನ್ ಇಟ್ಟಳು. ವೀಸಾದ ಬೆರಳಚ್ಚು ಕೊಡುವ ದಿನ ಹತ್ತು ಬೆರಳನ್ನೂ ಸೋಪು ಹಾಕಿ ತಿಕ್ಕಿ ತೊಳೆದುಕೊಂಡು ಬಂದಿದ್ದಳು.

ಪ್ಯಾರಿಸ್ಸಿನ ದೊಡ್ಡ ಗೋಪುರದ ಕೆಳಗೆ ನಿಂತು “ನಮ್ಮ ಮೊಬೈಲ್ ಟವರಿನ ಹಾಗೆಯೇ, ಕಾಲು ಸ್ವಲ್ಪ ಅಗಲ” ಎಂದಳು. ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳಲ್ಲಿ ಮೀನುಂಟಾ ಎಂದು ವಿಚಾರಿಸಿದಳು. ಸೀರೆ, ಅದರ ಒಳಗೆ ಅಳಿಯನ ಉಲ್ಲನ್ ಪೈಜಾಮ, ಮೇಲೆ ನನ್ನ ಕೋಟು, ಕಾಲಲ್ಲಿ ಬಿಳಿ ಬೂಟು. ಸೂಟ್‌ಕೇಸಿನಲ್ಲಿ ಕುಚ್ಚಲಕ್ಕಿ ಮತ್ತು ಒಂದು ಪುಟ್ಟ ರೈಸ್ ಕುಕ್ಕರ್. ನಾನು ನೋಡು ಎಂದು ತೋರಿಸಿದ ಚರ್ಚು, ಅರಮನೆ, ಮ್ಯೂಸಿಯಂ ಯಾವುದೂ ಅವಳ ಕಣ್ಣಿಗೆ ಅಂಟಲಿಲ್ಲ. ಅವಳು ನೋಡುತ್ತಿದ್ದದ್ದು ಮುದುಕಿಯರನ್ನು. ಬೆನ್ನು ಬಾಗಿದ, ತುಟಿಗೆ ಬಣ್ಣ ಹಚ್ಚಿದ, ಚಕ್ರದ ಚೀಲ ಎಳೆದುಕೊಂಡು ಒಬ್ಬೊಬ್ಬರೇ ಟ್ರಾಮು ಹತ್ತುವ ಮುದುಕಿಯರು. ಒಬ್ಬಳು ಇಳಿದು ಕಣ್ಮರೆಯಾಗುವವರೆಗೂ ನೋಡಿ, “ಅವಳು ಎಲ್ಲಿ ಇಳಿದಳು ಅಂತ ಯಾರಿಗೂ ಗೊತ್ತಿಲ್ಲ ಅಲ್ವಾ?” ಎಂದು ಕೇಳಿದಳು. ನಾನು ಮ್ಯಾಪು ನೋಡುವುದರಲ್ಲಿದ್ದೆ, ಹೂಂ ಎಂದೆ.

ಬ್ರಸೆಲ್ಸಿಗೆ ಬಂದ ಎರಡನೆಯ ದಿನ ಬೆಳಿಗ್ಗೆ ತಿಂಡಿ ತಿನ್ನುತ್ತಾ ಹೇಳಿಬಿಟ್ಟಳು: “ನಾನು ಇವತ್ತು ಒಬ್ಬಳೇ ಟ್ರಾಮಿನಲ್ಲಿ ಹೋಗಿ ಬರ್ತೇನೆ.”

ಸಾಧ್ಯವೇ ಇಲ್ಲ ಎಂದೆ. ಭಾಷೆ ಬರುವುದಿಲ್ಲ, ದಾರಿ ಗೊತ್ತಿಲ್ಲ, ಏನಾದರೂ ಆದರೆ ಅಣ್ಣನಿಗೆ ನಾನು ಮುಖ ತೋರಿಸುವುದು ಹೇಗೆ ಎಂದೆಲ್ಲ ಹೇಳಿದೆ. ಅವಳು ಬ್ರೆಡ್ಡಿಗೆ ಉಪ್ಪಿನಕಾಯಿ ಹಚ್ಚಿಕೊಳ್ಳುತ್ತಾ ಎಲ್ಲವನ್ನೂ ಕೇಳಿ, “ಒಮ್ಮೆ ಸಾಕು ಮಗಾ. ಸಾಯುವುದರೊಳಗೆ ಒಮ್ಮೆ. ಯಾರಿಗೂ ಗೊತ್ತಿಲ್ಲದ ಹಾಗೆ ಒಂದು ಕಡೆ ಹತ್ತಿ ಒಂದು ಕಡೆ ಇಳಿಬೇಕು” ಎಂದಳು. ದನಿ ಏರಿಸಲಿಲ್ಲ. ಅವಳು ದನಿ ಏರಿಸಿದರೆ ಒಪ್ಪಿಸಬಹುದು, ಇಳಿಸಿದರೆ ಕಷ್ಟ.

ಸರಿ ಎಂದೆ. ಟ್ರಾವೆಲ್ ಆಫೀಸಿನವಳ ಶಿಸ್ತೆಲ್ಲ ಸುರಿದು ತಯಾರಿ ಮಾಡಿದೆ. ಯಾವ ನಂಬರಿನ ಟ್ರಾಮು, ಎಲ್ಲಿ ಇಳಿದು ರಸ್ತೆ ದಾಟುವುದು, ಹಿಂದೆ ಬರುವಾಗ ಗುರುತಿಗೆ ಹೋಟೆಲಿನ ಎದುರಿನ ಹಸಿರು ಗಡಿಯಾರ. ನಾನು ಸ್ಟಾಪಿನ ಬೆಂಚಿನಲ್ಲೇ ಕೂತು ಕಾಯುತ್ತೇನೆ ಎಂದು ಮಾತು ಕೊಟ್ಟೆ. ಟ್ರಾಮಿನೊಳಗೆ ನನ್ನ ಬ್ಯಾಂಕ್ ಕಾರ್ಡು ತೋರಿಸಿದರೆ ಸಾಕು, ಟಿಕೇಟು ಬೇಡ ಎಂದರೆ ಒಪ್ಪಲಿಲ್ಲ. ಕೈಗೆ ಟಿಕೇಟು ಬರಬೇಕು. ಮೆಷಿನ್ನಿನ ಗುಂಡಿಯನ್ನು ಅವಳೇ ಅದುಮಿದಳು, ಕಾಗದದ ಚೀಟಿ ಹೊರಬಂತು. ಕಂಡಕ್ಟರನ ಹೆಂಡತಿ ಅರುವತ್ತೊಂಬತ್ತನೆಯ ವಯಸ್ಸಿನಲ್ಲಿ ತನ್ನ ಕೈಯಾರೆ ತೆಗೆದುಕೊಂಡ ಮೊದಲ ಟಿಕೇಟು ಅದು. ಎರಡೂ ಬದಿ ತಿರುಗಿಸಿ ನೋಡಿ ರವಿಕೆಯೊಳಗೆ ಇಟ್ಟುಕೊಂಡಳು.

ಟ್ರಾಮು ಬಂತು. ಅವಳು ಮುಂದಿನ ಬಾಗಿಲಿನಿಂದ ಹತ್ತಿದಳು. ನಾನು ಏನು ಮಾಡಿದೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಹಿಂದಿನ ಬಾಗಿಲಿನಿಂದ ನಾನೂ ಹತ್ತಿದೆ. ಎತ್ತರದ ಒಬ್ಬ ಮನುಷ್ಯನ ಬೆನ್ನ ಹಿಂದೆ ಅಡಗಿ ನಿಂತೆ. ಅಮ್ಮ ಕಿಟಕಿಯ ಪಕ್ಕ ಕೂತು ಚೀಲವನ್ನು ಸರಿಮಾಡಿಕೊಂಡಳು. ಟ್ರಾಮು ಹೊರಟಾಗ ಅವಳ ತುಟಿ ಅಲುಗಿತು. “ರೈಟ್ ಪೋಯಿ” ಎಂದಿರಬೇಕು. ಎರಡು ಸ್ಟಾಪು ಕಳೆಯಿತು. ಮೂರನೆಯ ಹೊತ್ತಿಗೆ ಅವಳು ಕಿಟಕಿಯ ಗಾಜನ್ನೇ ದಿಟ್ಟಿಸುತ್ತಿರುವುದು ಕಂಡಿತು. ಹೊರಗಿನ ಊರನ್ನು ನೋಡುತ್ತಿದ್ದಾಳೆ ಎಂದುಕೊಂಡೆ. ಅವಳು ಗಾಜಿನಲ್ಲಿ ನನ್ನನ್ನು ನೋಡುತ್ತಿದ್ದಳು.

ಮುಂದಿನ ಸ್ಟಾಪಿನಲ್ಲಿ ಇಳಿಯುವವರೊಂದಿಗೆ ಅವಳೂ ಇಳಿದಳು, ನಾನೂ ಇಳಿದೆ. ರಸ್ತೆ ದಾಟಿ, ವಾಪಸ್ಸು ಬರುವ ಟ್ರಾಮು ಹತ್ತಿ ಹೋಟೆಲಿಗೆ ಬಂದೆವು. ಆ ದಿನ ಪೂರ್ತಿ ಅವಳು ನನ್ನೊಂದಿಗೆ ಮ್ಯೂಸಿಯಂ ನೋಡಿದಳು, ಅದೇ ದೊಡ್ಡ ಶಿಕ್ಷೆ. ಸಂಜೆ ರೂಮಿನಲ್ಲಿ ಕುಚ್ಚಲಕ್ಕಿಗೆ ನೀರು ಅಳೆದು ಹಾಕುತ್ತಾ ಹೇಳಿದಳು: “ನಿನ್ನ ಅಪ್ಪ ಹೋದ ಮೇಲೆ ಲೈನಿನವರ ಕಣ್ಣು ತಪ್ಪಿತು ಅಂತ ಎಣಿಸಿದ್ದೆ. ಅವರ ಜಾಗದಲ್ಲಿ ನೀನು ಬಂದು ನಿಂತಿ.”

ನಿನ್ನ ಒಳ್ಳೆಯದಕ್ಕೇ ಎಂದೆ.

“ಅವರೂ ಒಳ್ಳೆಯದಕ್ಕೇ ಮಾಡಿದ್ದು. ನಾನು ಇಲ್ಲ ಅಂದಿದ್ದೇನಾ?” ಎಂದಳು. ಕುಕ್ಕರಿನ ಮುಚ್ಚಳ ಹಾಕಿದಳು.

ನನಗೆ ಅಳು ಬಂತು. ಐವತ್ತರ ಹತ್ತಿರದ ಹೆಂಗಸು ಅಮ್ಮನೆದುರು ಅಳುವುದು ಏನು ಚೆಂದ, ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಊರಿನಿಂದ ತಂದು ಸೀಬಿನ ಮೂರನೆಯ ಮಹಡಿಯಲ್ಲಿ ಇಟ್ಟದ್ದನ್ನು ಇಷ್ಟು ವರ್ಷ ಸೇವೆ ಎಂದು ತಿಳಿದಿದ್ದೆನಲ್ಲ, ಅದಕ್ಕೆ.

ಮರುದಿನ ನಮ್ಮ ಕೊನೆಯ ದಿನ. ಮಧ್ಯಾಹ್ನ ಏರ್‌ಪೋರ್ಟಿಗೆ ಹೊರಡಬೇಕು. ಬೆಳಿಗ್ಗೆ ಒಂಬತ್ತಕ್ಕೆ ನಾನೇ ಎದ್ದು “ಹೋಗು ಅಮ್ಮ, ನಾನು ಬರುದಿಲ್ಲ” ಎಂದೆ. ಅವಳು ನನ್ನ ಮುಖವನ್ನು ಪರೀಕ್ಷಿಸಿ, ಮೊಬೈಲನ್ನು ತೆಗೆದು ನನ್ನ ಕೈಗಿಟ್ಟಳು. “ಇದಿದ್ರೆ ನೀನೂ ಇದ್ದ ಹಾಗೆ.” ಹೋಟೆಲಿನ ಕಾರ್ಡನ್ನು ಮಾತ್ರ, ನನ್ನ ಸಮಾಧಾನಕ್ಕೆ, ಚೀಲದಲ್ಲಿ ಇಟ್ಟುಕೊಂಡಳು.

ನಲವತ್ತು ನಿಮಿಷದಲ್ಲಿ ಬರಬೇಕಿತ್ತು. ನಾನು ಬೆಂಚಿನಲ್ಲಿ ಕೂತೆ. ನೋಡುವುದಿಲ್ಲ ಎಂದು ಹಠ ತೊಟ್ಟು ಹಳಿಗಳಿಗೆ ಬೆನ್ನು ಹಾಕಿದೆ. ಐವತ್ತು ನಿಮಿಷವಾಯಿತು. ಒಂದು ಗಂಟೆ ಕಳೆಯಿತು. ಎದ್ದು ಹುಡುಕಲು ಹೋಗಬೇಕೆಂದು ಕಾಲು ಎರಡು ಸಲ ನೆಲ ಬಿಟ್ಟಿತು, ಎರಡು ಸಲವೂ ನಾನು ಅದನ್ನು ಹಿಡಿದು ಕೂರಿಸಿದೆ. ಮಾತು ಕೊಟ್ಟಿದ್ದೆ, ಮತ್ತೆ ಮುರಿದರೆ ಇನ್ನು ಅವಳು ನನ್ನನ್ನು ಕೇಳುವುದೇ ಇಲ್ಲ. ಹೆದರಿಕೆ ಎಷ್ಟಿತ್ತೆಂದರೆ ಕೈಯಲ್ಲಿದ್ದ ಕಾಫಿ ತಣ್ಣಗಾಗಿ ಅದರ ಮೇಲೆ ಕೆನೆ ಕಟ್ಟಿದ್ದೂ ತಿಳಿಯಲಿಲ್ಲ. ಒಂದು ಗಂಟೆ ನಲವತ್ತು ನಿಮಿಷಕ್ಕೆ ಟ್ರಾಮು ನಿಂತ ಸದ್ದಾಗಿ ತಿರುಗಿದೆ, ಆಚೆಯ ಹಳಿಯ ಟ್ರಾಮಿನಿಂದ ನನ್ನ ಅಮ್ಮ ಇಳಿದಳು. ಕೈಯಲ್ಲಿ ಒಂದು ದೊಡ್ಡ ಕಟ್ಟು ಪುದೀನ.

“ಬಟನ್ ಒತ್ತಬೇಕು ಮಾರಾಯ್ತಿ. ನೀನು ಹೇಳಲೇ ಇಲ್ಲ” ಎಂದಳು.

ನಡೆದದ್ದು ಇಷ್ಟು. ಹೋಗುವಾಗ ಅವಳ ಸ್ಟಾಪಿನಲ್ಲಿ ಬೇರೆಯವರೂ ಇಳಿದರು, ತೊಂದರೆಯಾಗಲಿಲ್ಲ. ಹಿಂದೆ ಬರುವಾಗ ಹಸಿರು ಗಡಿಯಾರವೂ ಬೆಂಚಿನಲ್ಲಿ ಬೆನ್ನು ಹಾಕಿ ಕೂತ ನಾನೂ ಅವಳಿಗೆ ಚೆನ್ನಾಗಿಯೇ ಕಂಡೆವು. ಅವಳು ಎದ್ದು ನಿಂತು, ಅಪ್ಪನ ಬಸ್ಸಿನಲ್ಲಿ ಕೂಗುವಂತೆ ಗಟ್ಟಿಯಾಗಿ “ಜಪ್ಪೆರೆ ಉಂಡು” ಎಂದಳು. ವಿಷಲ್‌ಗಾಗಿ ಕಾದಳು. ಟ್ರಾಮಿನವರೆಲ್ಲ ತಿರುಗಿ ನೋಡಿದರು, ಟ್ರಾಮು ಮಾತ್ರ ನಿಲ್ಲದೆ ನನ್ನ ಬೆನ್ನ ಹಿಂದೆಯೇ ಹಾದುಹೋಯಿತು. ಅಲ್ಲಿ ಇಳಿಯುವವರು ಗುಂಡಿ ಒತ್ತಬೇಕು, ಒತ್ತದಿದ್ದರೆ ಹತ್ತುವವರಿಲ್ಲದ ಸ್ಟಾಪಿನಲ್ಲಿ ನಿಲ್ಲುವುದಿಲ್ಲ. ಗಡಿಯಾರದವರೆಗೆ ಎಲ್ಲ ಹೇಳಿಕೊಟ್ಟ ನಾನು ಇದೊಂದನ್ನು ಹೇಳಿರಲಿಲ್ಲ. ಅಷ್ಟು ದಿನ ಎಲ್ಲ ಊರಲ್ಲೂ ಅವಳ ಪರವಾಗಿ ಗುಂಡಿ ಒತ್ತಿದ್ದು ನಾನೇ. ಅಂಥದೊಂದು ಗುಂಡಿ ಇದೆಯೆಂದು ಅವಳಿಗೆ ತಿಳಿಯದ ಹಾಗೆ ನೋಡಿಕೊಂಡದ್ದೂ ನಾನೇ.

ಯಾರೋ ಗುಂಡಿ ಒತ್ತಿದ ಸ್ಟಾಪಿನಲ್ಲಿ ಅವಳೂ ಇಳಿದಳು. ಕಂಡರಿಯದ ಬೀದಿ. ಆದರೆ ಅಂಗಡಿಗಳ ಬೋರ್ಡಿನಲ್ಲಿ ಅರಬ್ಬಿ ಅಕ್ಷರ. “ನೋಡಿದ ಕೂಡ್ಲೆ ನಮ್ಮ ಸೀಬಿಗೆ ಬಂದ ಹಾಗಾಯ್ತು” ಎಂದು ಅವಳು ಹೇಳುವುದು. ಒಂದು ತರಕಾರಿ ಅಂಗಡಿಗೆ ನುಗ್ಗಿ, ನಮ್ಮ ಕಟ್ಟಡದ ಕೆಳಗಿನ ಅಂಗಡಿಯಲ್ಲಿ ಕಲಿತ ಅಷ್ಟೂ ಅರಬ್ಬಿಯನ್ನು ಒಮ್ಮೆಲೇ ಖರ್ಚು ಮಾಡಿದಳು: “ಟ್ರಾಮ್ ಮುಷ್ಕಿಲ್. ಹೋಟೆಲ್ ಮಾಫಿ. ಬಿಂತ್ ಅಲ್ಲಿ ಕೂತಿದ್ದಾಳೆ.” ಟ್ರಾಮು ತೊಂದರೆ, ಹೋಟೆಲ್ ಇಲ್ಲ, ಮಗಳು. ಕೊನೆಯ ಎರಡು ಪದ ಕನ್ನಡವೇ. ಮೊರೊಕ್ಕೋದ ಆ ಮುದುಕ ಅಂಗಡಿಯವರಿಗೆ ಅರ್ಥವಾಯಿತು. ಅವರು ಪುದೀನ ಹಾಕಿದ ಚಾ ಕೊಟ್ಟು ಕೂರಿಸಿದರು, ಕಾರ್ಡು ನೋಡಿದರು, ತಾನೇ ಬಂದು ಬಿಡುತ್ತೇನೆ ಎಂದು ಸನ್ನೆ ಮಾಡಿದರು. ಅಮ್ಮ ಬೇಡ ಎಂದಳು. ಯಾವ ಬದಿಯಲ್ಲಿ ನಿಲ್ಲಬೇಕು, ಅಷ್ಟೇ ಹೇಳಿ ಎಂದಳು. ಆಗ ಅವರು ಗೋಡೆಯ ಲೈಟಿನ ಸ್ವಿಚ್ಚು ಒತ್ತಿ ಒತ್ತಿ ತೋರಿಸಿ ಟ್ರಾಮಿನ ಪಾಠ ಮಾಡಿ, ಹೊರಡುವಾಗ ಒಂದು ಕಟ್ಟು ಪುದೀನವನ್ನೂ ಕೈಗಿಟ್ಟರು. ನನಗೆ ಹೆದರಿಕೆಯಾಗುತ್ತದೆಂದು ನೆನಪಾಗಲಿಲ್ಲವೇ ಎಂದು ಕೇಳಿದರೆ, “ಆಯ್ತು. ಆದ್ರೆ ಚಾ ಕೊಟ್ಟವರನ್ನು ಬಿಟ್ಟು ಓಡಿ ಬರ್ಲಿಕ್ಕೆ ಆಗ್ತದಾ?” ಎಂದಳು.

ಅವಳು ಒಬ್ಬಳೇ ಹೋಗಿ ಬಂದ ಆ ದಿನದ ಟಿಕೇಟು ಈಗ ನಮ್ಮ ಮನೆಯಲ್ಲಿ ಅಪ್ಪನ ಫೋಟೋದ ಚೌಕಟ್ಟಿಗೆ ಸಿಕ್ಕಿಕೊಂಡಿದೆ. “ನೋಡ್ಲಿ ಅವ್ರು” ಎಂದು ಅವಳೇ ಸಿಕ್ಕಿಸಿದ್ದು. ಅಪ್ಪ ಅದನ್ನು ನೋಡುತ್ತಿದ್ದಾರೋ ಇಲ್ಲವೋ, ದಿನಾ ಬೆಳಿಗ್ಗೆ ದೀಪ ಹಚ್ಚುವಾಗ ನಾನಂತೂ ನೋಡಬೇಕಾಯಿತು. ಎರಡು ತಿಂಗಳು ನೋಡಿದ ಮೇಲೆ ಒಮಾನಿ ಅಜ್ಜನಿಗೆ ಮತ್ತೆ ಫೋನ್ ಮಾಡಿದೆ. ಅವರು ಫೋನಿನಲ್ಲೇ “ಶ್ವೇ ಶ್ವೇ” ಎಂದು ಶುರುಮಾಡಿದರು. ನಾಲ್ಕನೆಯ ಪರೀಕ್ಷೆಯ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಲೋಟಗಳನ್ನು ಡ್ರಮ್ಮುಗಳ ಹಾಗೆ ಸಾಲಾಗಿ ಇಡುತ್ತಿದ್ದೆ. ಅಮ್ಮ ದೋಸೆ ಮಗುಚುತ್ತಾ, “ಡ್ರಮ್ಮು ಎಲ್ಲಿಗೂ ಹೋಗುದಿಲ್ಲ ಮಗಾ. ಹೋಗ್ಬೇಕಾದ್ದು ನೀನು” ಎಂದಳು. ಕಾರು ಡ್ರಮ್ಮುಗಳ ನಡುವೆ ನಿಂತಿತು. ಪೊಲೀಸರು ಆ ದಿನವೂ ಖಲಾಸ್ ಎಂದರು. ಮುಗಿಯಿತು, ಮುಂದೆ ನಡಿ ಎಂಬ ಅರ್ಥವೂ ಅದಕ್ಕಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಇನ್ನೇನು, ಅಮ್ಮನನ್ನು ಊರೆಲ್ಲ ಸುತ್ತಿಸುತ್ತೇನೆ ಎಂದು ಕಾರು ತೆಗೆದುಕೊಂಡೆ. ಅವಳು ಬಾಗಿಲು ತೆಗೆದು, ಪಕ್ಕದ ಸೀಟನ್ನು ಕೈಯಿಂದ ಒತ್ತಿ ನೋಡಿ, ಮೆತ್ತಗಿದೆ ಎಂದು ಹೊಗಳಿ, ಬಾಗಿಲು ಹಾಕಿದಳು. “ಇದ್ರಲ್ಲಿ ಕೂತ್ರೆ ನಾನು ಪುನಃ ಮುಂದಿನ ಸೀಟಿನವಳೇ ಆಗುದಲ್ವಾ? ಹೋಗುವಾಗ ನಿನ್ನ ಖುಷಿಗೆ ಇದ್ರಲ್ಲಿ ಬರ್ತೇನೆ. ಬರುವಾಗ ಬಸ್ಸಿಗೆ ಬರ್ತೇನೆ.” ಅಂದಿನಿಂದ ಪ್ರತಿ ಶನಿವಾರ ಇದೇ ಏರ್ಪಾಡು. ಮಾರ್ಕೆಟ್ಟಿಗೆ ನನ್ನ ಕಾರು, ಮನೆಗೆ ಅವಳ ಬಸ್ಸು.

ಅಗೋ, ಕೆಂಪು ಬಸ್ಸು ಬಂತು. ಹತ್ತಿದಳು. ಟಿಕೇಟು ತೆಗೆದುಕೊಂಡು, ಮುಂದಿನ ಸೀಟು ಖಾಲಿ ಇದ್ದರೂ ನಡುವಿನ ಕಿಟಕಿಯ ಪಕ್ಕ ಕೂತಳು. ಹಿಂತಿರುಗಿ ನೋಡಲಿಲ್ಲ. ನಾನು ಕಾರು ಚಾಲು ಮಾಡಿ ಬಸ್ಸಿನ ಹಿಂದೆಯೇ ಹೊರಟಿದ್ದೇನೆ. ನೀವು ಇಷ್ಟು ಹೊತ್ತು ಜೊತೆಗೆ ಕೂತಿದ್ದೀರಿ, ನಿಮ್ಮಿಂದ ಮುಚ್ಚಿಡುವುದೇನು? ಇಷ್ಟೂ ಶನಿವಾರ ನಾನು ಮಾಡಿದ್ದು ಇದನ್ನೇ. ಎರಡು ಕಾರು ಹಿಂದೆ, ಅವಳ ತಲೆ ಕಾಣುವಷ್ಟು ದೂರದಲ್ಲಿ, ಅವಳು ಇಳಿಯುವವರೆಗೆ. ಬ್ರಸೆಲ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಹತ್ತಿದವಳು ಇನ್ನೂ ಇಳಿದಿರಲಿಲ್ಲ.

ಅಲ್ಲಿ ವೃತ್ತ ಕಾಣುತ್ತಿದೆ. ಬಸ್ಸು ನೇರ ಹೋಗುತ್ತದೆ. ಎಡಕ್ಕೆ ತಿರುಗಿದರೆ ಸಮುದ್ರದ ಬದಿಯ ದಾರಿ, ಮನೆಗೆ ಸ್ವಲ್ಪ ಸುತ್ತು. ಅಮ್ಮನ ಬಿಳಿ ತುರುಬು ಕಿಟಕಿಯಲ್ಲಿ ಒಮ್ಮೆ ಕಂಡು ಮರೆಯಾಯಿತು. ಅವಳು ದಾರಿಯಲ್ಲಿ ಎಲ್ಲಾದರೂ ಇಳಿದು ಚಾ ಕುಡಿದರೆ ನನಗೆ ಇವತ್ತು ಗೊತ್ತಾಗುವುದಿಲ್ಲ. ಊಟಕ್ಕೆ ಕೂತಾಗ ಕೇಳುವುದೂ ಇಲ್ಲ. ಎಡಕ್ಕೆ ಇಂಡಿಕೇಟರ್ ಹಾಕಿದ್ದೇನೆ.

ಇಲ್ಲಿ ರಸ್ತೆ ಬದಿಯ ಅಂಗಡಿಯ ನೆರಳಿನಲ್ಲಿ ನಿಮ್ಮನ್ನೂ ಇಳಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಸಮುದ್ರದ ದಾರಿಯಲ್ಲಿ ನಾನು ಇದುವರೆಗೆ ಒಬ್ಬಳೇ ಹೋದದ್ದಿಲ್ಲ. ಒಂದು ಕಟ್ಟು ಪುದೀನ ನೀವು ತೆಗೆದುಕೊಂಡು ಹೋಗಿ. ಬಾಗಿಲು ಸರಿಯಾಗಿ ಹಾಕಿದಿರಾ? ರೈಟ್ ಪೋಯಿ.